ಮೊದಲ ಸಾಲು ಯಾರಿಗೆ? ರಾಷ್ಟ್ರಮುಖ್ಯಸ್ಥರ ಹಿರಿತನದ ಹಳೆಯ ಜಗಳ

2022ರ ಸೆಪ್ಟೆಂಬರ್ 19ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಎರಡನೇ ಎಲಿಜಬೆತ್ ರಾಣಿಯ ಅಂತ್ಯಕ್ರಿಯೆ ನಡೆದಾಗ ಅಮೆರಿಕದ ಅಧ್ಯಕ್ಷ ಜೋ ಬೈಡನ್ ಅವರಿಗೆ ಸಿಕ್ಕಿದ್ದು 14ನೇ ಸಾಲು. ಅವರ ಮುಂದೆ ಪೋಲೆಂಡಿನ ಅಧ್ಯಕ್ಷ, ಹಿಂದೆ ಝೆಕ್ ಪ್ರಧಾನಿ. ತಾನು ಅಧ್ಯಕ್ಷನಾಗಿದ್ದರೆ ಅಷ್ಟು ಹಿಂದೆ ಕೂರಿಸುತ್ತಿರಲಿಲ್ಲ ಎಂದು ಡೊನಾಲ್ಡ್ ಟ್ರಂಪ್ ಸಾಮಾಜಿಕ ಜಾಲತಾಣದಲ್ಲಿ ಲೇವಡಿ ಮಾಡಿದರು. 2025ರ ಏಪ್ರಿಲ್ 26ರಂದು ಪೋಪ್ ಫ್ರಾನ್ಸಿಸ್ ಅವರ ಅಂತ್ಯಕ್ರಿಯೆಗೆ ವ್ಯಾಟಿಕನ್‌ಗೆ ಬಂದ ಟ್ರಂಪ್ ಮೊದಲ ಸಾಲಿನಲ್ಲೇ ಕುಳಿತರು. ಆದರೆ ಅವರ ಎಡಬಲದಲ್ಲಿ ಇದ್ದವರು ಯಾವ ಮಹಾಶಕ್ತಿಯ ನಾಯಕರೂ ಅಲ್ಲ, ಎಸ್ಟೋನಿಯಾ ಮತ್ತು ಫಿನ್ಲೆಂಡಿನ ಅಧ್ಯಕ್ಷರು. ಕಾರಣ ಸರಳ. ವ್ಯಾಟಿಕನ್ ದೇಶಗಳನ್ನು ಜೋಡಿಸಿದ್ದು ಫ್ರೆಂಚ್ ಅಕ್ಷರಮಾಲೆಯ ಪ್ರಕಾರ. ಆ ಭಾಷೆಯಲ್ಲಿ ಅಮೆರಿಕ 'ಎತಾಜ್ಯುನಿ', ಅಂದರೆ ಎಸ್ಟೋನಿಯಾದ ನಂತರ, ಫಿನ್ಲೆಂಡಿಗಿಂತ ಮೊದಲು.

ಲಂಡನ್ನಿನ ಲೆಕ್ಕವೇ ಬೇರೆ. ಅಲ್ಲಿ ಆತಿಥೇಯ ರಾಜಮನೆತನ, ಬ್ರಿಟಿಷ್ ಕಿರೀಟವನ್ನೇ ತಮ್ಮದೆಂದು ಒಪ್ಪಿಕೊಂಡ ಕಾಮನ್‌ವೆಲ್ತ್ ದೇಶಗಳು, ವಿದೇಶಿ ಅರಸುಮನೆತನಗಳು, ಇವರಿಗೆ ಆದ್ಯತೆ. ಚುನಾಯಿತ ಅಧ್ಯಕ್ಷರ ಸರದಿ ಆಮೇಲೆ. ಎರಡೂ ಕಡೆ ಸೈನ್ಯ, ಸಂಪತ್ತು, ಜನಸಂಖ್ಯೆ ಯಾವುದೂ ಎಣಿಕೆಗೆ ಬರಲಿಲ್ಲ. ಹಾಗೆಂದು ಎರಡೂ ಕಡೆ ಒಂದೇ ನಿಯಮವೂ ಇರಲಿಲ್ಲ.

ಏಕೆಂದರೆ ಅಂಥದ್ದೊಂದು ನಿಯಮವೇ ಇಲ್ಲ. ರಾಯಭಾರಿಗಳಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದಕ್ಕೆ ಜಗತ್ತು ಒಪ್ಪಿದ ಒಡಂಬಡಿಕೆಯಿದೆ. ಅವರನ್ನು ಕಳುಹಿಸುವ ರಾಷ್ಟ್ರಮುಖ್ಯಸ್ಥರ ಹಿರಿತನಕ್ಕೆ ಇಲ್ಲ, ಇರುವುದು ರೂಢಿ ಮಾತ್ರ. ಆಳುಗಳಿಗೆ ಕಾನೂನು, ಒಡೆಯರಿಗೆ ರೂಢಿ ಎಂಬ ಈ ವಿಚಿತ್ರ ಸ್ಥಿತಿ ಹೇಗೆ ಬಂತೆಂದು ತಿಳಿಯಲು ಐನೂರು ವರ್ಷ ಹಿಂದಕ್ಕೆ ಹೋಗಬೇಕು. ರಾಜಸೂಯದಲ್ಲಿ ಅಗ್ರಪೂಜೆ ಯಾರಿಗೆಂಬ ಮಾತು ಶಿಶುಪಾಲನ ತಲೆ ಉರುಳುವವರೆಗೆ ಹೋದ ಕಥೆ ಕೇಳಿದವರಿಗೆ ಮುಂದಿನದ್ದು ಅಷ್ಟೇನೂ ಅಚ್ಚರಿ ಎನಿಸಲಿಕ್ಕಿಲ್ಲ.

1504ರಲ್ಲಿ, ಪೋಪ್ ಎರಡನೇ ಜೂಲಿಯಸ್ ಕಾಲದಲ್ಲಿ, ರೋಮಿನ ಆಸ್ಥಾನದಲ್ಲಿ ಕ್ರೈಸ್ತ ಅರಸರ ಪಟ್ಟಿಯೊಂದು ಸಿದ್ಧವಾಯಿತು. ಎಲ್ಲರಿಗಿಂತ ಮೇಲೆ ಪೋಪ್, ಆಮೇಲೆ ಜರ್ಮನ್ ಸೀಮೆಗಳ ಒಡೆಯನಾದ ಪವಿತ್ರ ರೋಮನ್ ಸಾಮ್ರಾಟ, ಅವನ ನಂತರ 'ರೋಮನ್ನರ ರಾಜ' ಎಂಬ ಬಿರುದಿನ ಅವನ ಉತ್ತರಾಧಿಕಾರಿ, ಬಳಿಕ ಫ್ರಾನ್ಸ್, ಅದರ ಕೆಳಗೆ ಸ್ಪೇನ್, ಹೀಗೆ ಇಳಿಯುತ್ತಾ ಹೋಗುವ ಏಣಿ ಅದು. ಜಗಳ ನಿಲ್ಲಿಸಲೆಂದು ಬಂದ ಪಟ್ಟಿ ಜಗಳದ ಮೂಲವಾಯಿತು. ಯಾರ ಸಿಂಹಾಸನ ಹಳೆಯದು, ಯಾರ ಪೂರ್ವಜರು ಮೊದಲು ಕ್ರೈಸ್ತರಾದರು, ಯಾರ ತಲೆಯ ಮೇಲೆ ಎಷ್ಟು ಕಿರೀಟ ಎಂದು ಆಸ್ಥಾನ ಪಂಡಿತರು ಹೊತ್ತಗೆಗಟ್ಟಲೆ ವಾದಿಸಿದರು. ಕೆಳಗಿನ ಮೆಟ್ಟಿಲಿಗೆ ಬಿದ್ದವರಲ್ಲಿ ಯಾರೂ ಆ ಪಟ್ಟಿಯನ್ನು ಮನಸಾರೆ ಒಪ್ಪಲಿಲ್ಲ. ಎಲ್ಲರಿಗಿಂತ ಹೆಚ್ಚು ಕುದಿದದ್ದು ಸ್ಪೇನ್. ಅಮೆರಿಕ ಖಂಡದ ಬೆಳ್ಳಿ ಹಡಗುಗಟ್ಟಲೆ ಬಂದು ಬೀಳುತ್ತಿದ್ದಾಗ ಫ್ರಾನ್ಸಿನ ಹಿಂದೆ ನಿಲ್ಲುವುದಾದರೂ ಹೇಗೆ?

ಆ ಕುದಿತ ಬೀದಿಗೆ ಬಿದ್ದದ್ದು 1661ರ ಸೆಪ್ಟೆಂಬರ್ 30ರಂದು, ಲಂಡನ್ನಿನಲ್ಲಿ. ಸ್ವೀಡನ್ನಿನ ಹೊಸ ರಾಯಭಾರಿ ಥೇಮ್ಸ್ ದಂಡೆಯಲ್ಲಿ ಇಳಿಯುವವನಿದ್ದ. ಅವನನ್ನು ಅರಮನೆಗೆ ಕರೆದೊಯ್ಯುವ ಮೆರವಣಿಗೆಯಲ್ಲಿ ಇಂಗ್ಲೆಂಡಿನ ಅರಸನ ಸಾರೋಟಿನ ಬೆನ್ನಿಗೆ ಯಾರ ಸಾರೋಟು ಹೋಗಬೇಕು, ಫ್ರಾನ್ಸಿನದೋ ಸ್ಪೇನಿನದೋ? ಎರಡೂ ಕಡೆಯವರು ಆಯುಧ ಹಿಡಿದ ಆಳುಗಳೊಂದಿಗೆ ಬಂದಿದ್ದರು. ಅರಸ ಎರಡನೇ ಚಾರ್ಲ್ಸ್ ತನ್ನ ಪ್ರಜೆಗಳಿಗೆ ನಡುವೆ ಬಾಯಿ ಹಾಕಬೇಡಿ ಎಂದು ಮೊದಲೇ ಅಪ್ಪಣೆ ಕೊಟ್ಟಿದ್ದನಂತೆ. ಸ್ಪೇನಿನವರ ತಯಾರಿ ಮೆಚ್ಚುವಂತಿತ್ತು. ಕುದುರೆಯ ಸರಂಜಾಮಿನ ಚರ್ಮದ ಒಳಗೆ ಕಬ್ಬಿಣದ ಸರಪಳಿ ಹೊಲಿಸಿದ್ದರು, ಯಾರೂ ಕತ್ತರಿಸಲಾಗದಂತೆ. ಎದುರಾಳಿಯ ಕುದುರೆಗಳನ್ನು ಕೊಂದು, ಹಗ್ಗ ಕತ್ತರಿಸಿ, ಹಲವು ಹೆಣ ಬಿದ್ದ ಮೇಲೆ ಸ್ಪೇನಿನ ಸಾರೋಟು ಮುಂದೆ ಹೊರಟಿತು. ಅಂದಿನ ದಿನಚರಿಕಾರ ಸ್ಯಾಮುಯೆಲ್ ಪೀಪ್ಸ್ ಇದನ್ನೆಲ್ಲ ಉತ್ಸಾಹದಿಂದ ಬರೆದಿಟ್ಟಿದ್ದಾನೆ. ಲಂಡನ್ನಿನ ಜನ ಸ್ಪೇನ್ ಗೆದ್ದದ್ದಕ್ಕೆ ಕುಣಿದಾಡಿದರು ಎನ್ನುತ್ತಾನೆ.

ಬೀದಿಯಲ್ಲಿ ಗೆದ್ದ ಸ್ಪೇನ್ ಆಸ್ಥಾನದಲ್ಲಿ ಸೋತಿತು. ಫ್ರಾನ್ಸಿನ ಅರಸ ಹದಿನಾಲ್ಕನೇ ಲೂಯಿ ಯುದ್ಧದ ಬೆದರಿಕೆ ಹಾಕಿದ. ಸ್ಪೇನಿನ ಅರಸ ನಾಲ್ಕನೇ ಫಿಲಿಪ್ ಅವನಿಗೆ ಹೆಣ್ಣು ಕೊಟ್ಟ ಮಾವನೇ ಆಗಿದ್ದರೂ ಅಳಿಯ ಬಿಡಲಿಲ್ಲ. 1662ರ ಮಾರ್ಚ್‌ನಲ್ಲಿ ಸ್ಪೇನಿನ ವಿಶೇಷ ದೂತ ಪ್ಯಾರಿಸ್ಸಿನ ಲೂವ್ರ್ ಅರಮನೆಗೆ ಬಂದು, ನೆರೆದ ವಿದೇಶಿ ರಾಯಭಾರಿಗಳ ಎದುರಿನಲ್ಲೇ, ಇನ್ನು ಮುಂದೆ ತಮ್ಮವರು ಫ್ರಾನ್ಸಿನವರೊಡನೆ ಹಿರಿತನಕ್ಕೆ ಸ್ಪರ್ಧಿಸುವುದಿಲ್ಲ ಎಂದು ಹೇಳಬೇಕಾಯಿತು.

ಈ ಮಾವ ಅಳಿಯಂದಿರು ಅದಕ್ಕೂ ಎರಡು ವರ್ಷ ಮೊದಲು, 1660ರ ಜೂನ್‌ನಲ್ಲಿ ಭೇಟಿಯಾಗಿದ್ದ ರೀತಿಯೂ ಕೇಳಬೇಕಾದದ್ದೇ. ಎರಡು ದೇಶಗಳ ಗಡಿಯ ಬಿದಾಸೋವ ನದಿಯ ನಡುವೆ ಫೆಸೆಂಟ್ ದ್ವೀಪ ಎಂಬ ಪುಟ್ಟ ನಡುಗಡ್ಡೆ. ಅಲ್ಲಿ ಕಟ್ಟಿದ ಮಂಟಪದ ನಟ್ಟನಡುವೆ ಗಡಿರೇಖೆ ಹಾಯುತ್ತಿತ್ತು. ಇಬ್ಬರೂ ತಮ್ಮ ತಮ್ಮ ನೆಲದ ಮೇಲೆಯೇ ನಿಂತು ಮಾತಾಡಿದರು. ಒಬ್ಬ ಅರಸ ಇನ್ನೊಬ್ಬನ ಮನೆಗೆ ಹೋದರೆ ಹೋದವನು ಕಿರಿಯ ಎಂದಾಗುವ ಭಯ. 1807ರ ಜೂನ್ 25ರಂದು ನೆಪೋಲಿಯನ್ ಮತ್ತು ರಷ್ಯಾದ ಒಂದನೇ ಅಲೆಕ್ಸಾಂಡರ್ ಟಿಲ್ಸಿಟ್ ಬಳಿ ನೀಮನ್ ನದಿಯ ಮಧ್ಯೆ ತೆಪ್ಪದ ಮೇಲೆ ಕೈ ಕುಲುಕಿದ್ದರ ಹಿಂದೆ ಇದೇ ಲೆಕ್ಕಾಚಾರ. ಇನ್ನೂ ಸುಲಭದ ಉಪಾಯವೆಂದರೆ ಅರಸನೇ ಅಲ್ಲ ಎಂಬಂತೆ ಹೋಗುವುದು. ಪವಿತ್ರ ರೋಮನ್ ಸಾಮ್ರಾಟ ಎರಡನೇ ಜೋಸೆಫ್ 1777ರಲ್ಲಿ ಫ್ರಾನ್ಸಿಗೆ, ಅಲ್ಲಿ ರಾಣಿಯಾಗಿದ್ದ ತಂಗಿ ಮರಿ ಆಂತ್ವಾನೆತ್‌ಳನ್ನು ನೋಡಲು ಹೋದಾಗ 'ಫಾಲ್ಕನ್‌ಸ್ಟೈನ್ ಕೌಂಟ್' ಎಂದು ಹೆಸರು ಹೇಳಿಕೊಂಡ. ಎಲ್ಲರಿಗೂ ಗೊತ್ತು, ಯಾರೂ ಗೊತ್ತೆಂದು ತೋರಿಸುವಂತಿಲ್ಲ. ಸುಳ್ಳು ಹೆಸರು ಮೋಸಕ್ಕಲ್ಲ, ಶಿಷ್ಟಾಚಾರದಿಂದ ಪಾರಾಗಲು.

ಹೀಗೆ ಪ್ರಶ್ನೆಯ ಪಕ್ಕದಿಂದ ನುಸುಳುವ ಜಾಣ್ಮೆ ಬೆಳೆಯುತ್ತಾ ಹೋಯಿತು. ಒಟ್ಟೊಮನ್ ತುರ್ಕರಿಗೂ ಯುರೋಪಿನ ಅರಸರಿಗೂ ನಡುವಿನ 1699ರ ಕಾರ್ಲೋವಿಟ್ಜ್ ಶಾಂತಿ ಮಾತುಕತೆಯಲ್ಲಿ ಸಭಾಸ್ಥಾನಕ್ಕೆ ನಾಲ್ಕು ಬಾಗಿಲು ಇಟ್ಟು, ನಡುವೆ ದುಂಡು ಮೇಜು ಹಾಕಿದರು. ಎಲ್ಲರೂ ಒಟ್ಟಿಗೆ ಒಳಗೆ, ಒಟ್ಟಿಗೆ ಕುರ್ಚಿಗೆ. ಒಪ್ಪಂದದ ಪ್ರತಿಗಳಲ್ಲಿ ಪ್ರತಿಯೊಬ್ಬರೂ ತಾವು ಇಟ್ಟುಕೊಳ್ಳುವ ಪ್ರತಿಯಲ್ಲಿ ತಮ್ಮ ಹೆಸರನ್ನೇ ಮೊದಲು ಬರೆಯುವ ಪದ್ಧತಿಯೂ ಈ ಜಾತಿಯದೇ, ಅದು ಇಂದಿಗೂ ಜೀವಂತವಾಗಿದೆ. ಆದರೆ 1760ರಲ್ಲಿ ಪೋರ್ಚುಗಲ್‌ನ ಮಂತ್ರಿ ಪೊಂಬಾಲ್ ಮುಂದಿಟ್ಟದ್ದು ಬರೀ ನುಸುಳುವ ಉಪಾಯವಲ್ಲ. ರಾಜಕುಮಾರಿಯ ಮದುವೆಗೆ ಬರುವ ರಾಯಭಾರಿಗಳಲ್ಲಿ ಪೋಪನ ಮತ್ತು ಸಾಮ್ರಾಟನ ಪ್ರತಿನಿಧಿಗಳನ್ನು ಬಿಟ್ಟು ಉಳಿದವರೆಲ್ಲ ಅಧಿಕಾರಪತ್ರ ಸಲ್ಲಿಸಿದ ದಿನಾಂಕದ ಕ್ರಮದಲ್ಲಿ ನಿಲ್ಲಲಿ ಎಂದ. ಯಾರ ಅರಸ ದೊಡ್ಡವನು ಎಂಬುದನ್ನು ಬಿಟ್ಟು ಯಾರು ಮೊದಲು ಬಂದರು ಎಂದು ಕೇಳಿದ ಮಾತು ಇದು. ಫ್ರಾನ್ಸ್ ಮತ್ತು ಸ್ಪೇನ್ ಸಿಡುಕಿದವು. ಹಳೆಯ ವೈರಿಗಳು ಒಂದಾದ ಅಪರೂಪದ ಗಳಿಗೆ.

ಅವರು ಒಪ್ಪದಿದ್ದುದರ ಫಲ 1768ರಲ್ಲಿ ಮತ್ತೆ ಲಂಡನ್ನಿನಲ್ಲೇ ಕಂಡಿತು. ಅರಮನೆಯ ನೃತ್ಯಕೂಟದಲ್ಲಿ ರಷ್ಯಾದ ರಾಯಭಾರಿ ಮೊದಲೇ ಬಂದು ಸಾಮ್ರಾಟನ ರಾಯಭಾರಿಯ ಪಕ್ಕದ ಜಾಗ ಹಿಡಿದಿದ್ದ. ತಡವಾಗಿ ಬಂದ ಫ್ರೆಂಚ್ ರಾಯಭಾರಿ ಹಿಂದಿನಿಂದ ಬೆಂಚು ಹತ್ತಿ ಇಬ್ಬರ ನಡುವೆ ಧೊಪ್ಪನೆ ಇಳಿದು ಕುಳಿತ. ಮಾತು ದ್ವಂದ್ವಯುದ್ಧಕ್ಕೆ ತಿರುಗಿ ರಷ್ಯನ್ ಗಾಯಗೊಂಡ.

ಕಥೆ ತಿರುಗಿದ್ದು ನೆಪೋಲಿಯನ್ ಸೋತ ಮೇಲೆ ಸೇರಿದ ವಿಯೆನ್ನಾ ಮಹಾಸಭೆಯಲ್ಲಿ. ಎಲ್ಲ ದೇಶಗಳಿಗೂ ಶಾಶ್ವತ ದರ್ಜೆ ಕೊಟ್ಟುಬಿಡೋಣ ಎಂದು 1814ರ ಡಿಸೆಂಬರ್‌ನಲ್ಲಿ ಸಮಿತಿಯೊಂದನ್ನು ನೇಮಿಸಿದರು. ಎರಡು ತಿಂಗಳು ತಲೆ ಕೆರೆದುಕೊಂಡ ಸಮಿತಿ ದೇಶಗಳನ್ನು ಮೂರು ವರ್ಗ ಮಾಡುವ ಯೋಜನೆ ತಂದಿತು. ದೊಡ್ಡ ಗಣರಾಜ್ಯಗಳನ್ನು ಎಲ್ಲಿ ಕೂರಿಸುವುದು ಎಂಬಲ್ಲಿಯೇ ಅದು ಮುಗ್ಗರಿಸಿತು. ಯೋಜನೆಯನ್ನು ಮಡಚಿ ಪಕ್ಕಕ್ಕಿಟ್ಟರು. ದೇಶಗಳಿಗೆ, ಅರಸರಿಗೆ ದರ್ಜೆ ಕೊಡುವ ಮಾತೇ ಬೇಡ, ಅವರ ಪ್ರತಿನಿಧಿಗಳಿಗೆ ಮಾತ್ರ ಕೊಡೋಣ ಎಂದು ತೀರ್ಮಾನಿಸಿದರು. 1815ರ ಮಾರ್ಚ್ 19ರ ನಿಯಮ ಹೀಗೆ ಹುಟ್ಟಿದ್ದು. ರಾಯಭಾರಿ, ವಿಶೇಷ ದೂತ, ಪ್ರಭಾರಿ ಎಂದು ಮೂರು ದರ್ಜೆ, ಪ್ರತಿ ದರ್ಜೆಯೊಳಗೆ ಬಂದ ದಿನಾಂಕವೇ ಹಿರಿತನ. ನಗೆಪಾಟಲಿಗೆ ಈಡಾಗಿದ್ದ ಪೊಂಬಾಲನ ಮಾತು ಐವತ್ತೈದು ವರ್ಷಗಳ ನಂತರ ಕಾನೂನಾಯಿತು. ದೂತರನ್ನು ಮೂರಾಗಿ ವಿಂಗಡಿಸಿದ್ದರಲ್ಲಿ ಹೊಸತೇನಿಲ್ಲ ಎನ್ನಬಹುದು. ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರ ಎಂದು ಕೌಟಿಲ್ಯ ಬಹು ಹಿಂದೆಯೇ ಮಾಡಿದ್ದ. ಹೊಸತು ಎಂದರೆ ಕ್ಯಾಲೆಂಡರಿಗೆ ಕೊಟ್ಟ ಅಧಿಕಾರ. 1961ರ ವಿಯೆನ್ನಾ ಒಡಂಬಡಿಕೆ ಅದನ್ನೇ ಮುಂದುವರಿಸಿ, ದಿನಾಂಕದ ಜೊತೆಗೆ ಗಂಟೆಯನ್ನೂ ಸೇರಿಸಿತು. ಪೋಪನ ಪ್ರತಿನಿಧಿಗೆ ಅಗ್ರಸ್ಥಾನ ಕೊಡುವ ರೂಢಿಯಿರುವ ದೇಶಗಳು ಅದನ್ನು ಉಳಿಸಿಕೊಳ್ಳಬಹುದು ಎಂದಿತು.

ಅರಸರ ಪ್ರಶ್ನೆ ಮಾತ್ರ 1815ರಲ್ಲಿ ಮಡಚಿಟ್ಟ ಕಾಗದದೊಳಗೇ ಉಳಿಯಿತು. ಗಣರಾಜ್ಯಗಳ ಮುಜುಗರವೂ ಹಾಗೆಯೇ. ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ 1803ರಲ್ಲಿ ತನ್ನ ಊಟದ ಮನೆಯಲ್ಲಿ ಹಿರಿತನವೇ ಇಲ್ಲ, ಸಿಕ್ಕಿದವರು ಸಿಕ್ಕಲ್ಲಿ ಕೂರಲಿ ಎಂದು ಬ್ರಿಟಿಷ್ ದೂತ ಆಂಥೊನಿ ಮೆರಿ ದಂಪತಿಯನ್ನು ಕೆರಳಿಸಿದ್ದ. ಅದೇ ಅಮೆರಿಕ 1893ರವರೆಗೆ ಯಾವ ದೇಶಕ್ಕೂ ರಾಯಭಾರಿ ದರ್ಜೆಯವರನ್ನು ಕಳುಹಿಸಲಿಲ್ಲ. ಅದರ ದೂತರು ಯುರೋಪಿನ ಆಸ್ಥಾನಗಳಲ್ಲಿ ಸಣ್ಣಪುಟ್ಟ ಅರಸರ ರಾಯಭಾರಿಗಳ ಹಿಂದೆ ಕಾಯುತ್ತಿದ್ದರು. ತತ್ತ್ವಕ್ಕೆ ತೆತ್ತ ಬೆಲೆ ಎನ್ನಬೇಕೋ, ಹಟಕ್ಕೆ ಎನ್ನಬೇಕೋ. 1945ರ ವಿಶ್ವಸಂಸ್ಥೆಯ ಸನ್ನದು ಸದಸ್ಯ ರಾಷ್ಟ್ರಗಳ ಸಾರ್ವಭೌಮ ಸಮಾನತೆಯನ್ನು ಸಾರಿದ ಮೇಲೆ ಅರಸ ದೊಡ್ಡವನೋ ಅಧ್ಯಕ್ಷ ದೊಡ್ಡವನೋ ಎಂದು ಬಹಿರಂಗವಾಗಿ ಕೇಳುವಂತೆಯೇ ಇಲ್ಲ.

ಈಗ ನಡೆಯುತ್ತಿರುವ ರೂಢಿ ಸ್ಥೂಲವಾಗಿ ಹೀಗಿದೆ. ರಾಷ್ಟ್ರಮುಖ್ಯಸ್ಥರು ಮೊದಲು, ಸರ್ಕಾರದ ಮುಖ್ಯಸ್ಥರು ಆಮೇಲೆ. ನಿಜವಾದ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಮುಖ್ಯವಲ್ಲ. ಅಲಂಕಾರಕ್ಕಷ್ಟೇ ಇರುವ ಅಧ್ಯಕ್ಷರೂ ಪ್ರಬಲ ಪ್ರಧಾನಿಗಿಂತ ಮುಂದೆ. ವಿಶ್ವಸಂಸ್ಥೆಯ ಮಹಾಸಭೆಯ ಭಾಷಣಕಾರರ ಪಟ್ಟಿಯಲ್ಲೂ ಇದೇ ಕ್ರಮ. ಅದಕ್ಕೂ ಮೊದಲು ಬ್ರೆಜಿಲ್ ಮಾತಾಡುತ್ತದೆ, 1950ರ ದಶಕದಿಂದ ಬೆಳೆದು ಬಂದ ರೂಢಿ ಅದು. ನಂತರ ಆತಿಥೇಯ ಅಮೆರಿಕ. ಸೋವಿಯತ್ ಒಕ್ಕೂಟವನ್ನು ಆಳುತ್ತಿದ್ದ ಬ್ರೆಜ್ನೆವ್ ಬಹುಕಾಲ ಪಕ್ಷದ ಪ್ರಧಾನ ಕಾರ್ಯದರ್ಶಿ ಮಾತ್ರ. ಶಿಷ್ಟಾಚಾರದ ಲೆಕ್ಕದಲ್ಲಿ ದೇಶದ ಮುಖ್ಯಸ್ಥ ಪೊದ್ಗೋರ್ನಿ. 1977ರಲ್ಲಿ ಪೊದ್ಗೋರ್ನಿಯನ್ನು ಸರಿಸಿ ಬ್ರೆಜ್ನೆವ್ ಆ ಹುದ್ದೆಯನ್ನೂ ತಾನೇ ತೆಗೆದುಕೊಂಡ.

ಇದೇ ಸೂಕ್ಷ್ಮವನ್ನು 2021ರ ಏಪ್ರಿಲ್ 6ರಂದು ಅಂಕಾರಾದಲ್ಲಿ ಇಡೀ ಜಗತ್ತು ಟಿ.ವಿ.ಯಲ್ಲಿ ನೋಡಿತು. ಟರ್ಕಿಯ ಅಧ್ಯಕ್ಷ ಎರ್ದೊಗಾನ್ ಪಕ್ಕದಲ್ಲಿ ಇದ್ದದ್ದು ಒಂದೇ ಕುರ್ಚಿ. ಯುರೋಪಿಯನ್ ಒಕ್ಕೂಟದ ದೇಶಗಳ ನಾಯಕರ ಕೂಟವಾದ ಯುರೋಪಿಯನ್ ಕೌನ್ಸಿಲ್‌ನ ಅಧ್ಯಕ್ಷ ಶಾರ್ಲ್ ಮಿಶೆಲ್ ಅದರಲ್ಲಿ ಕುಳಿತರು. ಅದೇ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೆಯೆನ್ ಕ್ಷಣಕಾಲ ನಿಂತು, ಕೊನೆಗೆ ದೂರದ ಸೋಫಾಕ್ಕೆ ಹೋದರು. ಕೌನ್ಸಿಲ್ ಅಧ್ಯಕ್ಷರು ರಾಷ್ಟ್ರಮುಖ್ಯಸ್ಥರ ಸಮಾನ, ಕಮಿಷನ್ ಅಧ್ಯಕ್ಷರು ಪ್ರಧಾನಿಯ ಸಮಾನ ಎಂದು ಕೌನ್ಸಿಲ್‌ನ ಶಿಷ್ಟಾಚಾರ ವಿಭಾಗ ಸಮರ್ಥಿಸಿಕೊಂಡಿತು. ನಿಯಮದ ಪ್ರಕಾರ ಸರಿಯಿದ್ದೀತು. ಒಬ್ಬ ಮಹಿಳೆಯನ್ನು ನಿಲ್ಲಿಸಿ ಇಬ್ಬರು ಗಂಡಸರು ಆರಾಮಾಗಿ ಕುಳಿತ ಆ ದೃಶ್ಯವನ್ನು ಯಾವ ನಿಯಮವೂ ಚೆಂದ ಮಾಡಲಾರದು.

ರಾಷ್ಟ್ರಮುಖ್ಯಸ್ಥರ ನಡುವೆ ಆತಿಥೇಯರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ, ಅಕ್ಷರಮಾಲೆ ಅಥವಾ ಅಧಿಕಾರಕ್ಕೆ ಬಂದ ದಿನಾಂಕ. ಅಕ್ಷರಮಾಲೆ ನಿಷ್ಪಕ್ಷಪಾತಿಯಂತೆ ಕಾಣುತ್ತದೆ, ಆದರೆ ಯಾವ ಭಾಷೆಯದು, ಯಾವ ಹೆಸರಿನದು ಎಂಬ ಪ್ರಶ್ನೆ ಕೂಡಲೇ ಏಳುತ್ತದೆ. 1975ರ ಹೆಲ್ಸಿಂಕಿ ಸಮ್ಮೇಳನದಲ್ಲೂ ಫ್ರೆಂಚ್ ಅಕ್ಷರಮಾಲೆಯೇ ಇತ್ತು. ಫ್ರೆಂಚ್‌ನಲ್ಲಿ ಜರ್ಮನಿ 'ಆಲ್‌ಮಾನ್ಯ್'. ಅಲ್ಲಿ ಅಮೆರಿಕವನ್ನು 'ಅಮೇರಿಕ್' ಎಂದು ಬರೆದಿದ್ದರಿಂದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಪಕ್ಕದಲ್ಲಿ ಪೂರ್ವ ಜರ್ಮನಿಯ ನಾಯಕ ಹೊನೆಕ್ಕರ್ ಕುಳಿತಿದ್ದರು. ಶೀತಲ ಸಮರದ ಎರಡು ಪಾಳಯಗಳನ್ನು ಒಂದೇ ಬೆಂಚಿಗೆ ತಂದದ್ದು ಒಂದು ಅಕ್ಷರ. ಐವತ್ತು ವರ್ಷಗಳ ನಂತರ ವ್ಯಾಟಿಕನ್‌ನಲ್ಲಿ ಅದೇ ಭಾಷೆ, ಅದೇ ದೇಶ, ಅಕ್ಷರ ಮಾತ್ರ ಬೇರೆ. ವಿಶ್ವಸಂಸ್ಥೆಯ ಮಹಾಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮೊದಲ ಆಸನಕ್ಕೆ ಚೀಟಿ ಎತ್ತುತ್ತಾರೆ, ಬಂದ ಹೆಸರಿನಿಂದ ಇಂಗ್ಲಿಷ್ ಅಕ್ಷರಮಾಲೆ ಶುರುವಾಗುತ್ತದೆ.

ದಿನಾಂಕದ ದಾರಿ ಹಿಡಿದರೆ ಚಿತ್ರ ಇನ್ನೂ ತಮಾಷೆಯದು. 1967ರ ಅಕ್ಟೋಬರ್‌ನಿಂದ ಸಿಂಹಾಸನದಲ್ಲಿರುವ ಬ್ರೂನೈ ಸುಲ್ತಾನ ಹಸನಲ್ ಬೋಲ್ಕಿಯಾ ಎಲ್ಲ ದೈತ್ಯ ದೇಶಗಳಿಗಿಂತ ಮುಂದೆ ನಿಲ್ಲುತ್ತಾರೆ. ನಾಲ್ಕೈದು ವರ್ಷಕ್ಕೊಮ್ಮೆ ಮತ ಎಣಿಸುವ ದೇಶಗಳು ಪ್ರತಿ ಚುನಾವಣೆಯ ನಂತರ ಹಿಂದಕ್ಕೆ ಜಾರಬಹುದು. ಪ್ರಜಾಪ್ರಭುತ್ವಕ್ಕೆ ಶಿಷ್ಟಾಚಾರ ವಿಧಿಸುವ ತೆರಿಗೆ ಇದು. ಸ್ವಿಟ್ಜರ್‌ಲೆಂಡಿನ ಅಧ್ಯಕ್ಷರು ಜನವರಿ 1ರಿಂದ ಒಂದೇ ವರ್ಷ ಇರುವುದರಿಂದ ಹಿರಿತನ ಗಳಿಸುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಸ್ಯಾನ್ ಮರಿನೋದ ಗತಿ ಇನ್ನೂ ಕಠಿಣ. ಜಗತ್ತಿನ ಅತಿ ಹಳೆಯ ಗಣರಾಜ್ಯ ತಾನೆಂದು ಹೇಳಿಕೊಳ್ಳುವ ಆ ಪುಟ್ಟ ದೇಶಕ್ಕೆ ಏಕಕಾಲಕ್ಕೆ ಇಬ್ಬರು ರಾಷ್ಟ್ರಮುಖ್ಯಸ್ಥರು, ಅವಧಿ ಆರೇ ತಿಂಗಳು. ಪ್ರತಿ ಏಪ್ರಿಲ್ 1ಕ್ಕೆ ಮತ್ತು ಅಕ್ಟೋಬರ್ 1ಕ್ಕೆ ಹೊಸ ಜೋಡಿ ಬರುತ್ತದೆ, ಪಟ್ಟಿಯ ತುದಿಗೆ ಹೋಗಿ ನಿಲ್ಲುತ್ತದೆ, ಎರಡು ಕುರ್ಚಿ ಬೇಡುತ್ತದೆ.