ಕಾಯಿಸಬೇಕಾದ್ದು ತೂತನ್ನು, ನಿಪ್ಪಲನ್ನಲ್ಲ

ಎಂಜಿನ್ ಕೆಲಸಕ್ಕೆಂದು ಬಿಚ್ಚಿದ ಹೆಡ್ (ಎಂಜಿನ್ನಿನ ಮೇಲಿನ ಮುಚ್ಚಳದ ಭಾಗ) ಲೇತ್ ಅಂಗಡಿ ಮುಟ್ಟುವ ಹೊತ್ತಿಗೆ ಎಷ್ಟೋ ಸಲ ಅದರ ಕೂಲಂಟ್ ನಿಪ್ಪಲ್ (ಹೆಡ್ಡಿನ ತೂತಿನಲ್ಲಿ ಕೂತು ನೀರಿನ ರಬ್ಬರ್ ಹೋಸನ್ನು ಹಿಡಿಯುವ ಗಿಡ್ಡ ಲೋಹದ ಕೊಳವೆ) ಕಥೆ ಮುಗಿದಿರುತ್ತದೆ. ಪೈಪ್ ರೆಂಚಿನ ಹಲ್ಲು ಕೂತು, ಬಾಯಿ ಚಪ್ಪಟೆಯಾಗಿ, ಬುಡದಲ್ಲಿ ಮುರಿದಿರುತ್ತದೆ. ಜೊತೆಗೆ ಬರುವ ಮಾತೂ ಅದೇ: "ಚೆನ್ನಾಗಿ ಕಾಯಿಸೇ ತಿರುಗಿಸಿದ್ವಿ ಸಾರ್, ಆದ್ರೂ ಬರ್ಲಿಲ್ಲ." ಕಾಯಿಸಿದ್ದು ಏನನ್ನು ಎಂದು ಕೇಳಿದರೆ, ನಿಪ್ಪಲನ್ನು!

ಗ್ಯಾಸ್ ಜ್ವಾಲೆಯನ್ನು ನೇರ ನಿಪ್ಪಲ್ ಮೇಲೆ ಹಿಡಿದರೆ ಮೊದಲು ಹಿಗ್ಗುವುದು ನಿಪ್ಪಲ್. ತೂತು ಇದ್ದಷ್ಟೇ ಇದ್ದು ಒಳಗಿನದು ದಪ್ಪವಾದರೆ ಹಿಡಿತ ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಕಾಯಿಸಬೇಕಾದ್ದು ಸುತ್ತಲಿನ ಹೆಡ್ಡಿನ ಅಲ್ಯೂಮಿನಿಯಂ ಅನ್ನು. ಆಗ ಮರುಪ್ರಶ್ನೆ ಬರುತ್ತದೆ: ಲೋಹ ಹಿಗ್ಗಿದರೆ ತೂತಿನ ಕಡೆಗೂ ಹಿಗ್ಗಿ ತೂತು ಚಿಕ್ಕದಾಗುವುದಿಲ್ಲವೇ? ಇಲ್ಲ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸುತ್ತ ಬೆರಣಿ ಇಟ್ಟು ಪಟ್ಟಿಯನ್ನು ಕಾಯಿಸುತ್ತಾರೆ, ಅದು ಅಗಲವಾಗಿ ಮರದ ಮೇಲೆ ಕೂರುತ್ತದೆ, ನೀರು ಹೊಯ್ದರೆ ಬಿಗಿಯುತ್ತದೆ. ಬಳೆ ಕಾದರೆ ಬಳೆಯ ಒಳಸುತ್ತೂ ದೊಡ್ಡದಾಗುತ್ತದೆ. ಹೆಡ್ಡಿನ ತೂತೂ ಹಾಗೆಯೇ.

ಲೆಕ್ಕ ಬೇಕಾದರೆ ಇಲ್ಲಿದೆ. 20 ಮಿ.ಮೀ. ತೂತಿನ ಸುತ್ತಲಿನ ಅಲ್ಯೂಮಿನಿಯಂ 100 ಡಿಗ್ರಿ ಹೆಚ್ಚು ಕಾದರೆ ತೂತು ಸುಮಾರು 0.046 ಮಿ.ಮೀ. ಅಗಲವಾಗುತ್ತದೆ. ಉಕ್ಕಿನ ನಿಪ್ಪಲ್ ಅಷ್ಟೇ ಕಾದರೂ ಹಿಗ್ಗುವುದು 0.024. ನಡುವೆ ಸಿಗುವ ಜಾಗ 0.022 ಮಿ.ಮೀ., ಕೂದಲೆಳೆಗಿಂತ ಕಡಿಮೆ. ಸಂದಿನಲ್ಲಿ ಗಟ್ಟಿಯಾದ ಬಿಳಿ ಪುಡಿಯ ಹಿಡಿತ ಬಿಡಿಸಲು ಬಹುತೇಕ ಸಲ ಇಷ್ಟು ಸಾಕು. ಹಿತ್ತಾಳೆ ನಿಪ್ಪಲ್ ಆದರೆ ಅದೂ 0.038ರಷ್ಟು ಹಿಗ್ಗುವುದರಿಂದ ಉಳಿಯುವುದು ಬರೀ 0.008. ಅಲ್ಲಿ ಅಲ್ಯೂಮಿನಿಯಂ ಕಾದ ತಕ್ಷಣ ನಿಪ್ಪಲ್ ಒಳಗೆ ಐಸ್ ಚೂರು ತುಂಬಿ ಅದನ್ನು ಕುಗ್ಗಿಸಿ ತಿರುಗಿಸಬೇಕು. ಹಳೆಯ ಅಂಬಾಸಿಡರ್‌ನಂಥ ಬೀಡು ಕಬ್ಬಿಣದ ಹೆಡ್ಡಿನಲ್ಲಿ ಹಿತ್ತಾಳೆ ಸಿಕ್ಕಿಬಿದ್ದಿದ್ದರೆ ಲೆಕ್ಕವೇ ತಿರುಗುಮುರುಗು. ಕಾದಷ್ಟೂ ಹಿತ್ತಾಳೆಯೇ ಹೆಚ್ಚು ಹಿಗ್ಗುತ್ತದೆ, ಆದ್ದರಿಂದ ಒಮ್ಮೆ ಕಾಯಿಸಿ, ಪೂರ್ತಿ ತಣಿದ ಮೇಲೆಯೇ ಕೈ ಹಾಕಿ.

ಆ ಬಿಳಿ ಪುಡಿ ಅಲ್ಯೂಮಿನಿಯಂನದೇ ತುಕ್ಕು. ಉಕ್ಕು, ಅಲ್ಯೂಮಿನಿಯಂ, ನಡುವೆ ಉಪ್ಪಿನಂಶದ ನೀರು ಸೇರಿದರೆ ಸಣ್ಣ ಬ್ಯಾಟರಿಯೇ ಆಗಿ ಅಲ್ಯೂಮಿನಿಯಂ ಕರಗುತ್ತದೆ, ಅದರಿಂದಾದ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿದು ಸಂದಿಯಲ್ಲಿ ಬೆಣೆಯಂತೆ ಕೂರುತ್ತದೆ. ಕೂಲಂಟ್‌ಗೆ ದುಡ್ಡು ಯಾಕೆ ಎಂದು ರೇಡಿಯೇಟರ್‌ಗೆ ವರ್ಷಗಟ್ಟಲೆ ಬೋರ್‌ವೆಲ್ ನೀರು ಹೊಯ್ದ ಗಾಡಿಗಳಲ್ಲಿ ಇದು ಜಾಸ್ತಿ. ತುಕ್ಕು ಬಿಡಿಸುವ ಸ್ಪ್ರೇ ಈ ಪುಡಿಯನ್ನು ಕರಗಿಸುವುದಿಲ್ಲ. ರಾತ್ರಿಯಿಡೀ ನೆನೆಸಿದ್ದೇವೆ ಎನ್ನುವವರ ತಾಳ್ಮೆ ಮೆಚ್ಚಬೇಕಾದ್ದೇ, ಫಲ ಮಾತ್ರ ಕಮ್ಮಿ.

ಇನ್ನು ಕೆಲಸ. ಹೋಸನ್ನು ಎಳೆಯಬೇಡಿ, ಕೊಯ್ಯಿರಿ. ಹೇಗೂ ಹೊಸದು ಹಾಕುವ ರಬ್ಬರನ್ನು ಉಳಿಸಲು ಹೋಗಿ ನಿಪ್ಪಲ್ ಕೂತಿರುವ ಹೌಸಿಂಗ್ ಒಡೆದುಕೊಳ್ಳುವವರನ್ನು ಕಂಡರೆ ಬೇಸರವಾಗುತ್ತದೆ. ಬ್ಲೇಡನ್ನು ಉದ್ದಕ್ಕೆ ಎಳೆಯಿರಿ, ಆದರೆ ರಬ್ಬರಿನ ಮುಕ್ಕಾಲು ದಪ್ಪಕ್ಕೆ ನಿಲ್ಲಿಸಿ, ಮಿಕ್ಕಿದ್ದನ್ನು ಸ್ಕ್ರೂಡ್ರೈವರ್‌ನಿಂದ ಸೀಳಿ. ಬ್ಲೇಡ್ ಲೋಹಕ್ಕೆ ತಾಗಿ ಉದ್ದುದ್ದ ಗೀರು ಬಿದ್ದರೆ, ನಿಪ್ಪಲ್ ಉಳಿಸಿಕೊಂಡರೂ ಮುಂದೆ ಕ್ಲಿಪ್ ಎಷ್ಟು ಬಿಗಿದರೂ ಆ ಗೀರಿನಗುಂಟ ನೀರು ಜಿನುಗುತ್ತದೆ.

ನಿಪ್ಪಲ್ ಬುಡದಲ್ಲಿ ಪಾನಾ ಕೂರುವ ಆರು ಮುಖವಿದ್ದರೆ ಅದು ಥ್ರೆಡ್ಡಿನದು. ನುಣ್ಣಗಿದ್ದರೆ ಸಾಮಾನ್ಯವಾಗಿ ಒತ್ತಿ ಕೂರಿಸಿದ್ದು. ರೆಂಚ್ ಹಿಡಿಯುವ ಮೊದಲು ಒಳಗೆ ಸರಿಯಾಗಿ ಕೂರುವ ಡ್ರಿಲ್ ಬಿಟ್ಟಿನ ಹಿಂಭಾಗವನ್ನೋ ಬೋಲ್ಟನ್ನೋ ತೂರಿಸಿ. ಟೊಳ್ಳು ಕೊಳವೆ ಒಮ್ಮೆ ಚಪ್ಪಟೆಯಾದರೆ ಮುಗಿಯಿತು.

ಕಾಯಿಸುವ ಮೊದಲು ಸ್ಪ್ರೇ, ಪೆಟ್ರೋಲ್ ಎಲ್ಲ ಒರೆಸಿ ತೆಗೆಯಿರಿ, ಅಕ್ಕಪಕ್ಕದ ರಬ್ಬರ್, ಪ್ಲಾಸ್ಟಿಕ್, ಸೆನ್ಸರ್ ಬಿಚ್ಚಿಡಿ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ನಿಪ್ಪಲ್ ಸುತ್ತ ಎರಡು ಮೂರು ಇಂಚು ಅಗಲಕ್ಕೆ ಆಡಿಸಿ. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಸುವುದಿಲ್ಲ, ನೋಡ ನೋಡುತ್ತಲೇ ಕುಸಿಯುತ್ತದೆ. 120ರಿಂದ 150 ಡಿಗ್ರಿ ಸಾಕು. ಥರ್ಮಾಮೀಟರ್ ಇಲ್ಲವೇ? ದೋಸೆ ಕಾವಲಿಯ ಪರೀಕ್ಷೆ ಮಾಡಿ. ನೀರು ಚಿಮುಕಿಸಿದಾಗ ಚುರ್ರೆಂದು ಆರಿದರೆ ಹದ, ಹನಿ ಮುತ್ತಾಗಿ ಓಡಾಡಿದರೆ ಅತಿ. ಆಮೇಲೆ ಜ್ವಾಲೆ ಸರಿಸಿ, ಸಂದಿಗೆ ಮೇಣದ ಬತ್ತಿ ತಾಗಿಸಿ, ಮೇಣ ಕರಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಮೊದಲು ಬಿಗಿಸುವ ಕಡೆಗೆ ಒಂದು ಚೂರು, ಆಮೇಲೆ ಬಿಚ್ಚುವ ಕಡೆಗೆ. ಹೀಗೆ ಹಿಂದೆ ಮುಂದೆ ಆಡಿಸಿ, ತಣಿದರೆ ಮತ್ತೆ ಕಾಯಿಸಿ. ಮೂರು ನಾಲ್ಕು ಸುತ್ತು ಬೇಕಾಗಬಹುದು.

ಆದರೂ ಮುರಿಯಿತೇ? ಉಳಿದ ಬಳೆಯನ್ನು ಸುತ್ತಿಗೆಯಿಂದ ಒಳಕ್ಕೆ ಬಡಿಯಬೇಡಿ. ಹ್ಯಾಕ್ಸಾ ಬ್ಲೇಡನ್ನು ತೂತಿನೊಳಗೆ ಇಟ್ಟು ಬಳೆಗೆ ಉದ್ದಕ್ಕೆ ಒಂದು ಸೀಳು ಹಾಕಿ, ಅಲ್ಯೂಮಿನಿಯಂ ತಾಗುವ ಮುಂಚೆ ನಿಲ್ಲಿಸಿ. ಸೀಳಿನ ಅಂಚನ್ನು ಸಣ್ಣ ಉಳಿಯಿಂದ ಒಳಮುಖ ಮಡಿಸಿದರೆ ಬಳೆ ಕುಗ್ಗಿ ಬರುತ್ತದೆ. ಈ ಕೆಲಸದ ಲೋಹದ ಪುಡಿ ನೀರಿನ ದಾರಿಗೆ ಬೀಳುವುದರಿಂದ ಇದೆಲ್ಲ ಹೆಡ್ ತೊಳೆಯುವ ಮೊದಲೇ ಆಗಬೇಕು, ಹೆಡ್ಡಿನ ಮುಖ ಸವೆಸಿ ಸಮತಟ್ಟು ಮಾಡುವ ಫೇಸಿಂಗ್‌ಗೂ ಮುಂಚೆ, ಏಕೆಂದರೆ ಕಾಯಿಸಿದ ಹೆಡ್ ಸ್ವಲ್ಪ ಬಾಗಿದ್ದರೂ ಅಲ್ಲಿ ಸರಿಯಾಗುತ್ತದೆ. ಬಹುತೇಕರು ಉಲ್ಟಾ ಮಾಡುತ್ತಾರೆ.

ಹೊಸ ನಿಪ್ಪಲ್ ಒತ್ತಿ ಕೂರಿಸುವಾಗ ತೂತಿನ ಎಣ್ಣೆ ಜಿಡ್ಡು ಪೂರ್ತಿ ತೆಗೆದು ರಿಟೈನಿಂಗ್ ಕಾಂಪೌಂಡ್ (ಲೋಹದ ಭಾಗಗಳನ್ನು ಬಿಗಿಯಾಗಿ ಹಿಡಿದಿಡುವ ಅಂಟು) ಹಚ್ಚಿ, 24 ಗಂಟೆ ಮುಟ್ಟಬೇಡಿ. ಥ್ರೆಡ್ಡಿನದಾದರೆ ಬಿಳಿ ಟೇಪ್ ಬದಲು ಸೀಲಂಟ್ ಪೇಸ್ಟ್ ವಾಸಿ. ಟೇಪಿನ ಚೂರು ಕಿತ್ತುಹೋದರೆ ಸೇರುವುದು ರೇಡಿಯೇಟರಿನ ಸಣ್ಣ ಕೊಳವೆಗಳಿಗೆ.