ಆ ಕಪ್ಪು ಪಟ್ಟಿ ಹಾಗೇ ಇರಲಿ

ಹೋದ ವಾರ ಒಬ್ಬರು ಅಂಗಡಿಗೆ ಬಂದು ಒಂದು ಡಿವಿಡಿಯನ್ನು ಮೇಜಿನ ಮೇಲಿಟ್ಟರು. ‘ಸಾರ್, ಅಮೆರಿಕದಿಂದ ತರಿಸಿದ್ದು. ಡಿವಿಡಿ ರೇಟಿಗಿಂತ ಕೊರಿಯರ್ ಖರ್ಚೇ ಜಾಸ್ತಿ ಆಯ್ತು. ನೋಡಿದ್ರೆ ಎರಡೂ ಕಡೆ ಕಪ್ಪು ಪಟ್ಟಿ. ಅದೊಂದು ತೆಗೆದುಕೊಡಿ’ ಅಂದರು.

ಹಳೇ ಕ್ಯಾಸೆಟ್, ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕೆಲಸ. ಮದುವೆ, ಮುಂಜಿ, ಗೃಹಪ್ರವೇಶದ ಕ್ಯಾಸೆಟ್ಟುಗಳೇ ಜಾಸ್ತಿ. ನಡುನಡುವೆ ಟಿವಿಗೆಂದೇ ಮಾಡಿದ ಹಳೇ ಸಿನಿಮಾಗಳನ್ನು, ನಾವು ಟೆಲಿಫಿಲ್ಮ್ ಅಂತೀವಲ್ಲ, ಅವನ್ನು ಆನ್‌ಲೈನಿನಲ್ಲಿ ಹುಡುಕಿ ಕೊಳ್ಳುವವರೂ ಬರುತ್ತಾರೆ. ಇವರನ್ನು ಕಂಡರೆ ನನಗೆ ಪ್ರೀತಿ. ಯಾವಾಗಲೋ ಒಂದು ರಾತ್ರಿ ನೋಡಿದ್ದನ್ನು ಮೂವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡವರು ಇವರು. ಆದರೆ ಎಷ್ಟು ಹೇಳಿದರೂ ಒಂದು ಮಾತು ಇವರ ತಲೆಗೆ ಹೋಗುವುದಿಲ್ಲ. ಆ ಕಪ್ಪು ಪಟ್ಟಿ ದೋಷ ಅಲ್ಲ.

ನಿಧಾನವಾಗಿ ಹೇಳುತ್ತೇನೆ. ಹಳೇ ಟಿವಿಯ ಪರದೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಈಗ ಗೋಡೆ ಮೇಲೆ ತೂಗುಹಾಕಿರುವ ಟಿವಿ 16ಕ್ಕೆ 9. ಹಳೇ ಚಿತ್ರವನ್ನು ಹೊಸ ಟಿವಿಯಲ್ಲಿ ಇದ್ದ ಹಾಗೇ ಇಟ್ಟರೆ ಪಕ್ಕದಲ್ಲಿ ಜಾಗ ಉಳಿಯಲೇಬೇಕು. ಅದೇ ಕಪ್ಪು ಪಟ್ಟಿ. ಅದರ ಹಿಂದೆ ಯಾವ ಚಿತ್ರವೂ ಅಡಗಿಲ್ಲ. ‘ಪಟ್ಟಿ ತೆಗೆದರೆ ಹಿಂದಿರುವುದು ಕಾಣುತ್ತೆ’ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಏನೂ ಕಾಣುವುದಿಲ್ಲ.

ಪರದೆ ತುಂಬಲೇಬೇಕು ಅಂತ ಹಟ ಹಿಡಿದರೆ ಎರಡು ದಾರಿ ಇವೆ. ಒಂದು, ಅಡ್ಡಕ್ಕೆ ಎಳೆಯುವುದು. ದುಂಡಗಿನ ಬಳೆ ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಸಣಕಲು ಹುಡುಗನಿಗೂ ಕೆನ್ನೆ ಬರುತ್ತದೆ. ಇದು ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ, ಟಿವಿಯ ರಿಮೋಟಿನಲ್ಲೇ ಸರಿ ಮಾಡಬಹುದು. ಇನ್ನೊಂದು, ಚಿತ್ರವನ್ನು ದೊಡ್ಡದು ಮಾಡಿ ಮೇಲೆ ಕೆಳಗೆ ಕತ್ತರಿಸುವುದು. ಎತ್ತರದಲ್ಲಿ ಸರಿಯಾಗಿ ಕಾಲು ಭಾಗ ಹೋಗುತ್ತದೆ. ಡಿವಿಡಿಯನ್ನೇ ಹೀಗೆ ಕತ್ತರಿಸಿ ಮಾಡಿದ್ದರೆ ನಾನಲ್ಲ, ಯಾರೂ ಅದನ್ನು ವಾಪಸ್ ತರಲಾರರು. ಇದು ಗೊತ್ತಾಗುವುದೂ ಇಲ್ಲ, ಅದೇ ಕಷ್ಟ. ನೋಡುವವರಿಗೆ ಏನೋ ಇಕ್ಕಟ್ಟು ಅನಿಸುತ್ತದೆ ಅಷ್ಟೇ.

ಈ ಗೊಂದಲಕ್ಕೆ ಒಂದು ಕಾರಣ ಇದೆ. ಥಿಯೇಟರಿಗೆ ಮಾಡಿದ ಸಿನಿಮಾ ಸಾಮಾನ್ಯವಾಗಿ ಮೊದಲೇ ಅಗಲ. ಅದನ್ನು ಹಳೇ ಟಿವಿಗೆ ಹೊಂದಿಸಲು ಎಡಬಲ ಕತ್ತರಿಸಿ ‘ಫುಲ್ ಸ್ಕ್ರೀನ್’ ಅಂತ ಮಾರುತ್ತಿದ್ದರು. ಬಲ್ಲವರು ‘ಫುಲ್ ಸ್ಕ್ರೀನ್ ಬೇಡ, ವೈಡ್ ಸ್ಕ್ರೀನ್ ತಗೋ’ ಅನ್ನುತ್ತಿದ್ದರು. ಸಿನಿಮಾಕ್ಕೆ ಆ ಮಾತು ಸರಿ. ಟೆಲಿಫಿಲ್ಮಿಗೆ ಅದೇ ಮಾತು ತಿರುಗುಮುರುಗು. ಇಲ್ಲಿ ‘ಫುಲ್ ಸ್ಕ್ರೀನ್’ ಅಂತ ಬರೆದಿರುವುದೇ ಸಾಮಾನ್ಯವಾಗಿ ಪೂರ್ತಿ ಚಿತ್ರ. ‘ವೈಡ್ ಸ್ಕ್ರೀನ್’ ಅಂದರೆ ಕತ್ತರಿ ಬಿದ್ದಿರುವ ಸಾಧ್ಯತೆ ಜಾಸ್ತಿ.

ಸಾಧ್ಯತೆ ಅಂದೆ, ಖಂಡಿತ ಅನ್ನಲಿಲ್ಲ. ಟಿವಿಗೆ ಮಾಡಿ ಆಮೇಲೆ ಥಿಯೇಟರಿಗೂ ಹೋದವು ಇವೆ. ಸ್ಪೀಲ್‌ಬರ್ಗ್ ಅವರ ‘ಡ್ಯೂಯಲ್’ 1971ರ ನವೆಂಬರಿನಲ್ಲಿ ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ ಬಂದಾಗ 74 ನಿಮಿಷ ಇತ್ತು. ಯುರೋಪಿನ ಥಿಯೇಟರುಗಳಿಗೆ ಕಳಿಸುವಾಗ ಹೊಸ ದೃಶ್ಯಗಳನ್ನು ಚಿತ್ರೀಕರಿಸಿ ಸೇರಿಸಿ 90 ನಿಮಿಷ ಮಾಡಿದರು. ಅಂಥದ್ದನ್ನು ಕೊಳ್ಳುವಾಗ ನಿಮಗೆ ಯಾವುದು ಬೇಕು ಅಂತ ನೀವೇ ತೀರ್ಮಾನಿಸಬೇಕು. ಎರಡೂ ಅಸಲಿಯೇ.

ಆದ್ದರಿಂದ ಡಿವಿಡಿಯ ಹಿಂಬದಿಯ ಫೋಟೊ ಕಳಿಸಲು ಮಾರುವವರನ್ನು ಕೇಳಿ. ಚಿತ್ರದ ಅಳತೆ, ನಿಮಿಷ ಎರಡೂ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ನಿಮಿಷ ಕಡಿಮೆ ಇದೆ ಅಂತ ತಕ್ಷಣ ಗಾಬರಿ ಬೀಳಬೇಡಿ. ಫಿಲ್ಮು ಸೆಕೆಂಡಿಗೆ 24 ಚಿತ್ರ ಓಡುತ್ತದೆ, ನಮ್ಮ ಪಾಲ್ ಪದ್ಧತಿಯ ಟಿವಿ 25. ಅಲ್ಲಿಂದ ಇಲ್ಲಿಗೆ ಇಳಿಸಿದಾಗ 90 ನಿಮಿಷ ಸುಮಾರು 86 ಆಗುತ್ತದೆ, ಏನನ್ನೂ ಕತ್ತರಿಸಿರುವುದಿಲ್ಲ. ಇನ್ನು ಟೆಲಿಫಿಲ್ಮು ಚಿಕ್ಕದಾಗಿರುವುದೂ ಸಹಜ. ಸತ್ಯಜಿತ್ ರಾಯ್ ದೂರದರ್ಶನಕ್ಕೆಂದು ಮಾಡಿದ ‘ಸದ್ಗತಿ’ ಒಂದು ಗಂಟೆಯೂ ಇಲ್ಲ. ‘ಅರ್ಧ ಸಿನಿಮಾ ಕೊಟ್ಟು ಮೋಸ ಮಾಡಿದ್ದಾರೆ’ ಅಂತ ಒಬ್ಬರು ನನ್ನ ಮುಂದೆ ಕೂಗಾಡಿದ್ದರು.

‘ಎಚ್‌ಡಿ’ ಅನ್ನುವ ಮಾತಿಗೂ ಒಂದು ಪ್ರಶ್ನೆ ಸಾಕು. ಅದನ್ನು ತೆಗೆದದ್ದು ಫಿಲ್ಮಿನಲ್ಲಾ, ಟೇಪಿನಲ್ಲಾ? ಫಿಲ್ಮಾದರೆ ನೆಗೆಟಿವ್ ಮತ್ತೆ ಸ್ಕ್ಯಾನ್ ಮಾಡಿ ನಿಜವಾದ ಎಚ್‌ಡಿ ತೆಗೆಯಬಹುದು. ಆ ಕಾಲದ ಯು-ಮ್ಯಾಟಿಕ್, ಬೀಟಾಕ್ಯಾಮ್ ಟೇಪಾದರೆ ಪಾಲ್ ಚಿತ್ರದಲ್ಲಿ ಇರುವುದೇ 576 ಗೆರೆ. ಅದನ್ನು 1080ಕ್ಕೆ ಹಿಗ್ಗಿಸಬಹುದು, ಇಲ್ಲದ್ದನ್ನು ತುಂಬಲು ಆಗುವುದಿಲ್ಲ. ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ಡಿವಿಡಿಯ ತಳ ನೇರಳೆ ಬಣ್ಣದಲ್ಲಿದ್ದರೆ ಅದು ಅಚ್ಚು ಹಾಕಿದ್ದಲ್ಲ, ಬರ್ನ್ ಮಾಡಿದ್ದು. ಹಾಗಂತ ಎಲ್ಲವೂ ಕದ್ದ ಮಾಲಲ್ಲ. ಹಾಲಿವುಡ್ಡಿನ ವಾರ್ನರ್ ಕಂಪನಿಯ ‘ವಾರ್ನರ್ ಆರ್ಕೈವ್’ 2009ರಿಂದ ಆರ್ಡರ್ ಬಂದಂತೆ ಹೀಗೆ ಬರ್ನ್ ಮಾಡಿಯೇ ಮಾರಿದೆ, ಅದರಲ್ಲಿ ಟೆಲಿಫಿಲ್ಮುಗಳೂ ಇವೆ. ಆದರೆ ಬಿಸಿಲಿಗೆ ಇಟ್ಟರೆ ಇವು ಬೇಗ ಕೆಡುತ್ತವೆ. ಬಂದ ದಿನವೇ ಒಮ್ಮೆ ಪೂರ್ತಿ ಓಡಿಸಿ ನೋಡಿ.

ಮೇಲೆ ಕೆಳಗೆ ಕತ್ತರಿಸಿದರೆ ಏನು ಹೋಗುತ್ತದೆ ಅಂತ ನನಗೆ ಸರಿಯಾಗಿ ಗೊತ್ತಾದದ್ದು ಒಬ್ಬರು ನಿವೃತ್ತ ಟೀಚರ್ ಬಂದಾಗ. ಅವರ ತಂದೆ ಹವ್ಯಾಸಿ ನಾಟಕದವರು. ಎಂಬತ್ತರ ದಶಕದ ಒಂದು ಟೆಲಿಫಿಲ್ಮಿನಲ್ಲಿ ಎರಡು ನಿಮಿಷ ಬಂದು ಹೋಗುತ್ತಾರೆ. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುವ ಮುದುಕನ ಪಾತ್ರ. ಮಗಳು ಆನ್‌ಲೈನಿನಲ್ಲಿ ಡಿವಿಡಿ ಕೊಂಡಿದ್ದರು. ಮೇಲೆ ದೊಡ್ಡದಾಗಿ ‘ವೈಡ್ ಸ್ಕ್ರೀನ್’ ಅಂತ ಇತ್ತು. ‘ಎಲ್ಲಾ ಚೆನ್ನಾಗಿದೆಯಪ್ಪಾ. ಆದ್ರೆ ಅಪ್ಪ ಏನು ಮಾಡ್ತಿದಾರೆ ಅಂತ ಗೊತ್ತಾಗ್ತಿಲ್ಲ’ ಅಂದರು. ಹಾಕಿ ನೋಡಿದೆ. ಮುಖ ಇದೆ, ಹೆಗಲಿದೆ, ತೋಳು ಅಲ್ಲಾಡುತ್ತಿದೆ. ಕೈಗಳೇ ಇಲ್ಲ. ಮಡಿಲು ಇರಬೇಕಾದ ಜಾಗಕ್ಕೆ ಮುಂಚೆಯೇ ಚಿತ್ರ ಮುಗಿದಿತ್ತು.

‘ಅಮ್ಮಾ, ಆಗ ಮನೆಯಲ್ಲಿ ಯಾರಾದರೂ ರೆಕಾರ್ಡ್ ಮಾಡಿಕೊಂಡಿದ್ದರಾ?’ ಅಂತ ಕೇಳಿದೆ. ಹದಿನೈದು ದಿನ ಬಿಟ್ಟು ಸೋದರಮಾವನ ಮನೆಯ ಅಟ್ಟದಿಂದ ಒಂದು ವಿಎಚ್‌ಎಸ್ ಕ್ಯಾಸೆಟ್ ತಂದರು. ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು. ಕೈಯಲ್ಲೇ ಒರೆಸಿ, ಒಣಗಿಸಿ, ಓಡಿಸಲು ಎರಡು ದಿನ ಹಿಡಿಯಿತು. ಬಣ್ಣ ಕದಡಿತ್ತು. ವಿಎಚ್‌ಎಸ್‌ನಲ್ಲಿ ಚಿತ್ರದ ತಳದಲ್ಲಿ ಒಂದು ಸಣ್ಣ ಪಟ್ಟಿ ಸದಾ ಅಲುಗಾಡುತ್ತಿರುತ್ತದೆ. ಹಳೇ ಟಿವಿಯಲ್ಲಿ ಅದು ಚೌಕಟ್ಟಿನ ಒಳಗೆ ಮುಚ್ಚಿಹೋಗುತ್ತಿತ್ತು, ಕಂಪ್ಯೂಟರಿನಲ್ಲಿ ಎದ್ದು ಕಾಣುತ್ತದೆ. ಗಿರಾಕಿಗಳು ಕೇಳುವ ಮುಂಚೆಯೇ ಅದನ್ನು ಕತ್ತರಿಸುವುದು ನನ್ನ ರೂಢಿ.

ಆ ಸಲ ಕತ್ತರಿಸಲಿಲ್ಲ. ಮುದುಕ ಎಡಗೈಯಲ್ಲಿ ಎಲೆ ಹಿಡಿದು, ತೊಟ್ಟು ಮುರಿದು, ಹಿಂಬದಿಗೆ ಉಗುರಿನಿಂದ ಸುಣ್ಣ ಸವರುತ್ತಾರೆ. ಅವರ ಬೆರಳ ತುದಿ ಆ ಅಲುಗಾಡುವ ಪಟ್ಟಿಗೆ ತಾಗುವಷ್ಟು ಹತ್ತಿರ ಇತ್ತು. ಟೀಚರ್ ಅಷ್ಟನ್ನೇ ನಾಲ್ಕು ಸಲ ಹಾಕಿಸಿಕೊಂಡರು. ‘ಕೆಳಗಡೆ ಅದೇನೋ ಅಲ್ಲಾಡುತ್ತಲ್ಲ, ತೆಗೀಲಾ ಅಮ್ಮಾ?’ ಅಂತ ಕೇಳಿದೆ. ‘ಬೇಡಪ್ಪಾ, ಇರಲಿ’ ಅಂದರು.