ಹೃದಯದೊಳಗೊಂದು ಪಾತಾಳಗರಡಿ

ಕೀಮೋಥೆರಪಿ ಪಡೆಯುವ ಅನೇಕರ ಎದೆಯ ಚರ್ಮದಡಿ ‘ಪೋರ್ಟ್’ ಎಂಬ ಪುಟ್ಟ ಡಬ್ಬಿ ಇರುತ್ತದೆ. ಅದರಿಂದ ಹೊರಟ ಮೆತ್ತನೆಯ ಕೊಳವೆ ದೊಡ್ಡ ರಕ್ತನಾಳವೊಂದನ್ನು ಹೊಕ್ಕು ಹೃದಯದ ಬಾಗಿಲವರೆಗೂ ಇಳಿದಿರುತ್ತದೆ. ತಿಂಗಳುಗಟ್ಟಲೆ ಔಷಧಿ ಹರಿಯುವುದು ಇದೇ ದಾರಿಯಲ್ಲಿ. ಅಪರೂಪಕ್ಕೆ ಈ ಕೊಳವೆ ಒಳಗೇ ತುಂಡಾಗುತ್ತದೆ.

ತುಂಡರಿಸುವುದು ಎಷ್ಟೋ ಸಲ ನಮ್ಮ ಮೂಳೆಗಳೇ. ಕೊರಳೆಲುಬಿಗೂ ಮೊದಲ ಪಕ್ಕೆಲುಬಿಗೂ ನಡುವೆ ಇಕ್ಕಟ್ಟಾದ ಸಂದಿಯಿದೆ. ಕೊಳವೆ ಅಲ್ಲಿ ಹಾದುಹೋಗಿದ್ದರೆ ಕೈ ಎತ್ತಿ ಇಳಿಸಿದಾಗಲೆಲ್ಲ ಅಡಕತ್ತರಿಗೆ ಸಿಕ್ಕ ಹಾಗೆ ನಲುಗುತ್ತದೆ. ಸಣ್ಣ ಸಿರಿಂಜಿನಿಂದ ಔಷಧಿ ಒತ್ತುವುದೂ ಅಪಾಯವೇ. ಸಿರಿಂಜು ಕಿರಿದಾದಷ್ಟೂ ಒತ್ತಡ ಹೆಚ್ಚು. 10 ಮಿಲಿಲೀಟರಿಗಿಂತ ಚಿಕ್ಕದು ಬೇಡ ಎನ್ನುವುದು ಅದಕ್ಕೇ.

ಕಡಿದ ತುಂಡು ರಕ್ತದ ಜೊತೆ ತೇಲಿ ಹೃದಯದ ಬಲಭಾಗದಲ್ಲೋ, ಅದನ್ನೂ ದಾಟಿ ಶ್ವಾಸಕೋಶದ ರಕ್ತನಾಳದಲ್ಲೋ ಸಿಕ್ಕಿಕೊಳ್ಳುತ್ತದೆ. ಅನೇಕ ರೋಗಿಗಳಿಗೆ ಇದು ಗೊತ್ತೇ ಆಗುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಈ ಮೌನವೇ. ಏಕೆಂದರೆ ತುಂಡು ಅಲ್ಲೇ ಉಳಿದರೆ ಎದೆಬಡಿತ ತಾಳ ತಪ್ಪಬಹುದು, ರಕ್ತ ಹೆಪ್ಪುಗಟ್ಟಬಹುದು, ಸೋಂಕು ತಗಲಬಹುದು.

ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಇಳಿಬಿಟ್ಟು ಎತ್ತುತ್ತಿದ್ದುದು ನೆನಪಿದೆಯೇ? ವೈದ್ಯರು ಮಾಡುವುದೂ ಅದನ್ನೇ. ಎದೆ ಕೊಯ್ಯದೆಯೇ ಹೃದಯದೊಳಗಿಂದ ಮುರಿದ ತಂತಿಯೊಂದನ್ನು ಹೊರತೆಗೆದ ವರದಿ 1964ರಲ್ಲೇ ಪ್ರಕಟವಾಗಿತ್ತು. ಈಗ ತೊಡೆಸಂದಿಯ ರಕ್ತನಾಳದಿಂದ ತೆಳ್ಳನೆಯ ಕೊಳವೆ ತೂರಿಸಿ, ಅದರೊಳಗಿಂದ ನಿಕ್ಕಲ್–ಟೈಟಾನಿಯಂ ಮಿಶ್ರಲೋಹದ ಕುಣಿಕೆಯನ್ನು ಮೇಲಕ್ಕೆ ಕಳಿಸುತ್ತಾರೆ. ಎಷ್ಟು ಮುದುರಿದರೂ ಕೊಳವೆಯಿಂದ ಹೊರಬಂದೊಡನೆ ಅದು ಮತ್ತೆ ದುಂಡಗೆ ಅರಳುತ್ತದೆ, ಅದೂ ತನ್ನ ಕಾಂಡಕ್ಕೆ ಅಡ್ಡಲಾಗಿ. ಮಿಡಿಯುತ್ತಲೇ ಇರುವ ಹೃದಯದಲ್ಲಿ, ಎಕ್ಸ್‌ರೇ ಪರದೆ ನೋಡುತ್ತಾ, ತುಂಡಿನ ತುದಿಗೆ ಕುಣಿಕೆ ಹಾಕಿ ಬಿಗಿದು ಮೆಲ್ಲನೆ ಕೆಳಗೆಳೆಯಬೇಕು. ಎರಡು ತುದಿಯೂ ಗೋಡೆಗೆ ಅಂಟಿದ್ದರೆ ಕುಣಿಕೆಗೆ ಹಿಡಿತವಿಲ್ಲ. ಆಗ ಹಂದಿಬಾಲದಂತೆ ಸುರುಳಿಯಾದ ಕೊಳವೆಯಿಂದ ನಡುವನ್ನು ಕೊಕ್ಕೆ ಹಾಕಿ ಎಳೆದು ಮೊದಲು ತುದಿಯೊಂದನ್ನು ಬಿಡಿಸುತ್ತಾರೆ.

ಇಷ್ಟಾಗಿಯೂ ಮುರಿಯುವ ಮುನ್ನವೇ ಹಿಡಿಯುವುದು ಲೇಸು, ಅದಕ್ಕೆ ಸುಳಿವೂ ಇರುತ್ತದೆ. ಸಿರಿಂಜಿನಿಂದ ಎಳೆದರೂ ಕೈ ಇಳಿಬಿಟ್ಟಾಗ ಪೋರ್ಟಿನಿಂದ ರಕ್ತ ಬಾರದೆ, ಕೈ ಎತ್ತಿದಾಗ ಮಾತ್ರ ಬಂದರೆ ಸುಮ್ಮನಿರಬೇಡಿ; ಡಾಕ್ಟರಿಗೆ ಹೇಳಿ ಎಕ್ಸ್‌ರೇ ತೆಗೆಸಿ. ಕೊರಳೆಲುಬಿನ ಕೆಳಗೆ ಕೊಳವೆ ಚಿವುಟಿದಂತೆ ಸಣ್ಣಗಾಗಿದ್ದರೆ ಅದನ್ನು ಇಡಿಯಾಗಿರುವಾಗಲೇ ತೆಗೆದುಬಿಡಬಹುದು.